ನಡಿಗೆಯೇ ರಂಗಸ್ಥಳ: ತಿತಿಮತಿ ಸೀಮೆಯ ಬೇಡುಹಬ್ಬ

ಕಲೆಯೆಂದೊಡನೆ ವಿದ್ಯಾವಂತರ ಮನಸ್ಸಿನಲ್ಲಿ ಒಂದು ಸ್ಥಳದ ಕಲ್ಪನೆ ಮೂಡುವುದು ಸಹಜ. ಸಂಗೀತಕ್ಕೆ ಸಭಾಮಂದಿರ, ನಾಟಕಕ್ಕೆ ರಂಗಸ್ಥಳ, ಚಿತ್ರಕ್ಕೆ ಗೋಡೆ, ಶಿಲ್ಪಕ್ಕೆ ಪೀಠ. ಕಲಾವಿದನು ಅಲ್ಲಿ ನಿಲ್ಲುತ್ತಾನೆ, ಇಲ್ಲವೆ ಕುಳಿತುಕೊಳ್ಳುತ್ತಾನೆ. ನೋಡುವವರು ಅವನಿದ್ದೆಡೆಗೆ ಬರುತ್ತಾರೆ. ಈ ಏರ್ಪಾಡು ಎಷ್ಟು ರೂಢವಾಗಿದೆಯೆಂದರೆ, ನಿಂತಲ್ಲಿ ನಿಲ್ಲದ ಕಲೆಯನ್ನು ಕಲೆಯೆಂದು ಗುರುತಿಸುವುದೇ ಕಷ್ಟವಾಗಿ ಪರಿಣಮಿಸಿದೆ. ಬಾಗಿಲಿಂದ ಬಾಗಿಲಿಗೆ ನಡೆದು ಹಾಡುವವನನ್ನು ಭಿಕ್ಷುಕನೆಂದು ಕರೆದು ಮುಗಿಸಿಬಿಡುವ ಅಭ್ಯಾಸ ಪಟ್ಟಣಗಳಲ್ಲಿ ಬೆಳೆದುಬಂದಿದೆ. ಅಂತಹ ಕಲೆಗಳಲ್ಲಿ ನಡಿಗೆಯೆಂಬುದು ಹಾಡುಗಾರನನ್ನು ಹಾಡುವ ಜಾಗಕ್ಕೆ ಮುಟ್ಟಿಸುವ ವಾಹನವಾಗಿರದೆ, ಹಾಡಿನ ದೇಹವೇ ಆಗಿರುತ್ತದೆ. ಕೊಡಗಿನ ತಿತಿಮತಿ ಸೀಮೆಯಲ್ಲಿ ಜೇನುಕುರುಬರು, ಎರವರು ಮತ್ತು ಇತರ ಗಿರಿಜನರು ವರ್ಷಕ್ಕೊಮ್ಮೆ ಆಚರಿಸುವ ಬೇಡುಹಬ್ಬವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಭಾಷೆಗೆ ಈ ಸಂಗತಿ ಹೊಸದಲ್ಲ. ‘ನಡೆ’ ಎಂಬ ಒಂದು ಧಾತುವಿನ ವ್ಯಾಪ್ತಿಯನ್ನು ಗಮನಿಸಬಹುದು. ಕಾಲಿನಿಂದ ಸಾಗುವುದು ನಡೆ. ಬಾಳುವ ಬಗೆಯೂ ನಡೆ. ನಡತೆ, ನಡವಳಿಕೆ, ನಡೆನುಡಿ ಮುಂತಾದ ಶಬ್ದಗಳೆಲ್ಲ ಅದೇ ಬೇರಿನವು. ತಾಳಶಾಸ್ತ್ರದಲ್ಲಿ ತಿಶ್ರ ನಡೆ, ಚತುರಶ್ರ ನಡೆ ಎನ್ನುತ್ತಾರೆ. ಪದ್ಯದ ಸಾಲನ್ನು ಪಾದವೆನ್ನುತ್ತಾರೆ. ತುಳುನಾಡಿನಲ್ಲಿ ಭೂತಕ್ಕೆ ಸಲ್ಲಿಸುವ ಸೇವೆಗೆ ನೇಮ ನಡಾವಳಿ ಎಂಬ ಹೆಸರು. ಶರಣರ ಪರಂಪರೆಯಲ್ಲಿ ಸ್ಥಾವರಕ್ಕೆ ಎದುರಾಗಿ ಜಂಗಮವೆಂಬ ಪರಿಕಲ್ಪನೆ ಪಡೆದ ಗೌರವವನ್ನು ಈ ಸಂಪುಟದ ಓದುಗರಿಗೆ ವಿವರಿಸಬೇಕಾಗಿಲ್ಲ. ಚಲಿಸುವುದು ಎಂಬುದೇ ಆ ಶಬ್ದದ ಮೂಲಾರ್ಥ.

ಹಳೆಯ ಮೈಸೂರು ಸೀಮೆಯ ದೇವರಗುಡ್ಡರು ಕಂಸಾಳೆ ಹಿಡಿದು ಮಲೆಯ ಮಾದೇಶ್ವರನ ಕಾವ್ಯವನ್ನು ಹಾಡುತ್ತಾ ಊರೂರು ಸುತ್ತುತ್ತಾರೆ. ಅವರು ಮನೆಯ ಮುಂದೆ ನಿಂತು ಪಡೆಯುವ ಧಾನ್ಯಕ್ಕೆ ಕೋರಣ್ಯವೆಂದು ಹೆಸರು. ಮಂಟೇಸ್ವಾಮಿಯ ಒಕ್ಕಲಾದ ನೀಲಗಾರರು ತಂಬೂರಿಯೊಡನೆ ನಡೆಯುತ್ತಾರೆ. ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿಯನ್ನು ಒಪ್ಪಿಸುವ ಹೆಳವರು, ದಿನಕ್ಕೊಂದು ವೇಷದಲ್ಲಿ ಬೀದಿಗಿಳಿಯುವ ಹಗಲುವೇಷದವರು, ಚೌಡಿಕೆಯ ಜೋಗತಿಯರು, ಕಿನ್ನರಿಯ ಜೋಗಿಗಳು, ಮೈಲಾರನ ಗೊರವರು ಇವರೆಲ್ಲರಿಗೂ ಊರಿನ ಬೀದಿಯೇ ರಂಗಸ್ಥಳ. ಕಾಲ್ನಡಿಗೆಯಲ್ಲಿ ಹಬ್ಬಿದ ಈ ಸಾಹಿತ್ಯದ ಪ್ರಮಾಣವನ್ನು ಎಣಿಸಿದರೆ, ಕುಳಿತು ಬರೆದ ಸಾಹಿತ್ಯವು ಅದರ ಮುಂದೆ ತೆಳುವಾಗಿ ಕಾಣುವ ಸಂಭವವುಂಟು. 1979ರಲ್ಲಿ ಎಚ್. ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದ ಕಾಲಕ್ಕೆ ಇಂತಹ ಹಾಡುಗಾರರ ಕಥನಗಳನ್ನು ಬರೆದಿಡುವ ಕಾರ್ಯಕ್ಕೆ ವೇಗ ಬಂದಿತ್ತು. ಆದರೆ ಬರೆದಿಡಲಾದುದು ಬಹುತೇಕ ಹಾಡಿನ ಪಾಠ. ಹಾಡುಗಾರ ನಡೆದ ದಾರಿ ಬರಹಕ್ಕೆ ಸಿಕ್ಕಿದ್ದು ಕಡಿಮೆ.

ಪಾಶ್ಚಾತ್ಯ ದೇಶಗಳ ಕಲಾವಿದರು ನಡಿಗೆಯನ್ನು ಒಂದು ಸ್ವತಂತ್ರ ಕಲೆಯೆಂದು ಪರಿಗಣಿಸತೊಡಗಿದ್ದು ಈಚಿನ ಮಾತು. 1967ರಲ್ಲಿ ರಿಚರ್ಡ್ ಲಾಂಗ್ ಎಂಬ ಇಂಗ್ಲಿಷ್ ಯುವಕನು ಒಂದು ಹುಲ್ಲುಗಾವಲಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದು, ಹುಲ್ಲು ಮಲಗಿ ಗೆರೆಯಾದಾಗ ಅದರ ಛಾಯಾಚಿತ್ರ ತೆಗೆದನು. ಆ ಗೆರೆಯೇ ಅವನ ಕೃತಿ. ಅದಕ್ಕೂ ಬಹಳ ಹಿಂದೆ, 1689ರಲ್ಲಿ, ಜಪಾನಿನ ಕವಿ ಬಾಶೋ ಉತ್ತರ ದಿಕ್ಕಿನ ದೂರದ ಪ್ರಾಂತಗಳಿಗೆ ಕಾಲ್ನಡಿಗೆಯಲ್ಲಿ ಹೋಗಿಬಂದು ಗದ್ಯಪದ್ಯಗಳು ಬೆರೆತ ಪ್ರವಾಸಕಥನವನ್ನು ರಚಿಸಿದ್ದನು. ಇವರ ನಡಿಗೆಗೂ ತಿತಿಮತಿಯ ನಡಿಗೆಗೂ ಒಂದು ಮುಖ್ಯ ಅಂತರವಿದೆ. ಲಾಂಗ್ ನಡೆದದ್ದು ಒಬ್ಬನೇ, ಯಾರೂ ಇಲ್ಲದ ಬಯಲಿನಲ್ಲಿ. ತಿತಿಮತಿಯ ಗುಂಪು ನಡೆಯುವುದು ಜನರಿರುವ ಕಡೆಗೆ. ಎದುರಿಗೆ ಜನರಿಲ್ಲದಿದ್ದರೆ ಆ ಕಲೆಗೆ ಅಸ್ತಿತ್ವವೇ ಇಲ್ಲ.

ಹುಣಸೂರಿನಿಂದ ಗೋಣಿಕೊಪ್ಪಲಿಗೆ ಸಾಗುವ ರಸ್ತೆಯು ಆನೆಚೌಕೂರಿನ ಕಾಡನ್ನು ಹೊಕ್ಕು, ಮತ್ತಿಗೋಡಿನ ಸಾಕಾನೆ ಶಿಬಿರವನ್ನು ದಾಟಿ, ಮರಗಳ ದಟ್ಟಣೆ ಸಡಿಲಗೊಂಡು ಕಾಫಿ ತೋಟಗಳು ತೊಡಗುವ ಅಂಚಿನಲ್ಲಿ ತಿತಿಮತಿಯನ್ನು ಮುಟ್ಟುತ್ತದೆ. ಹಿಂದೆ ವಿರಾಜಪೇಟೆ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಪೊನ್ನಂಪೇಟೆ ತಾಲ್ಲೂಕಿನಲ್ಲಿದೆ. ಒಂದು ಕಡೆ ನಾಗರಹೊಳೆಯ ಅರಣ್ಯ, ಇನ್ನೊಂದು ಕಡೆ ಕಾಫಿ ಮತ್ತು ಮೆಣಸಿನ ತೋಟಗಳು. ಈ ಎರಡರ ನಡುವೆ ಗಿರಿಜನರ ಹಾಡಿಗಳು ಚದುರಿಕೊಂಡಿವೆ; ಚೇಣಿಹಡ್ಲು, ಮಜ್ಜಿಗೆಹಳ್ಳ ಮುಂತಾದವು ಸುತ್ತಲಿನವರಿಗೆ ಪರಿಚಿತ ಹೆಸರುಗಳು. ಹಾಡಿಯಲ್ಲಿ ನೆಲೆಯಿಲ್ಲದವರು ತೋಟಗಳ ಲೈನ್ ಮನೆಗಳಲ್ಲಿ ವಾಸಿಸುತ್ತಾರೆ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳೆಂದು ಸರ್ಕಾರ ಗುರುತಿಸಿರುವುದು ಎರಡನ್ನು; ಕೊರಗರದು ಒಂದಾದರೆ ಜೇನುಕುರುಬರದು ಇನ್ನೊಂದು. ಎರವರು ತಮ್ಮನ್ನು ರಾವುಳರೆಂದು ಕರೆದುಕೊಳ್ಳುತ್ತಾರೆ. ಅವರಿಗೆ ತಮ್ಮದೇ ಆದ ಭಾಷೆಯುಂಟು. ಅವರಲ್ಲಿ ಪಂಜಿರಿ ಎರವ, ಪಣಿ ಎರವ ಮೊದಲಾದ ಪಂಗಡಗಳುಂಟು.

ತಿತಿಮತಿಗೆ ಸಮೀಪದ ದೇವರಪುರದಲ್ಲಿ ಅಯ್ಯಪ್ಪ ಮತ್ತು ಭದ್ರಕಾಳಿಯರ ದೇವಸ್ಥಾನವಿದೆ. ಸಾಮಾನ್ಯವಾಗಿ ಮೇ ತಿಂಗಳ ನಾಲ್ಕನೆಯ ಗುರುವಾರ ಅಲ್ಲಿ ಹಬ್ಬ ನೆರವೇರುತ್ತದೆ. ಕಾಲವನ್ನು ಗಮನಿಸಬೇಕು. ಕಾಫಿಯ ಕೊಯ್ಲು ಮುಗಿದು ತಿಂಗಳುಗಳಾಗಿವೆ. ಹೂಮಳೆ ಬಿದ್ದು ಕಾಯಿ ಕಟ್ಟಿದೆ. ಮುಂಗಾರು ಇನ್ನೂ ಹಿಡಿದಿಲ್ಲ. ದುಡಿಯುವ ಕೈಗೆ ವರ್ಷದಲ್ಲಿ ದೊರಕುವ ಕಿರಿದಾದ ಬಿಡುವು ಅದು. ಆ ದಿನಗಳಲ್ಲಿ ಎಸ್ಟೇಟಿನ ಕೆಲಸಕ್ಕೆ ಆಳು ದೊರೆಯುವುದಿಲ್ಲವೆಂಬುದು ಆ ಭಾಗದ ತೋಟದ ಮಾಲೀಕರೆಲ್ಲರಿಗೂ ತಿಳಿದ ವಿಷಯ.

ಹಬ್ಬದ ಹಿನ್ನೆಲೆಯಲ್ಲಿರುವ ಐತಿಹ್ಯವು ಸ್ವಾರಸ್ಯವಾಗಿದೆ. ಬೇಟೆಗಾರ ದೇವರಾದ ಅಯ್ಯಪ್ಪನು ಗಿರಿಜನರನ್ನು ಜೊತೆಗೆ ಕರೆದುಕೊಂಡು ಕಾಡಿಗೆ ಹೋದನಂತೆ. ದಾರಿಯಲ್ಲಿ ಭದ್ರಕಾಳಿಯನ್ನು ಕಂಡು ಮೋಹಗೊಂಡನು. ಜೊತೆಗೆ ಬಂದವರನ್ನು ಕಾಡಿನ ನಡುವೆ ಮರೆತು ಅವಳೊಡನೆ ಹೊರಟುಹೋದನು. ನಂಬಿ ಹಿಂದೆ ನಡೆದು ಬಂದವರು ದಾರಿಯಲ್ಲಿ ಕೈಬಿಡಲ್ಪಟ್ಟರು. ಅಂದು ಅವರ ಬಾಯಿಂದ ಹೊರಟ ಬೈಗುಳವನ್ನು ಅವರ ಸಂತತಿಯು ವರ್ಷಕ್ಕೊಮ್ಮೆ ದೇವರಿಗೆ ನೆನಪಿಸುತ್ತದೆ. ಗಮನಿಸಬೇಕಾದ ಅಂಶವೆಂದರೆ, ಈ ಕಥೆಯ ಆರಂಭವೂ ಒಂದು ನಡಿಗೆ, ಅದರ ಗಾಯವೂ ನಡಿಗೆಯ ನಡುವೆಯೇ ಆದದ್ದು. ಆದುದರಿಂದ ಅದಕ್ಕೆ ಸಲ್ಲುವ ಆಚರಣೆಯೂ ನಡಿಗೆಯ ರೂಪದಲ್ಲಿರುವುದು ಯುಕ್ತವಾಗಿಯೇ ಇದೆ.

ಹಬ್ಬಕ್ಕೆ ಮುಂಚಿತವಾಗಿಯೇ ಗುಂಪುಗಳು ಹೊರಡುತ್ತವೆ. ತಿತಿಮತಿ, ಗೋಣಿಕೊಪ್ಪಲು, ಪೊನ್ನಂಪೇಟೆ, ವಿರಾಜಪೇಟೆಗಳ ಬೀದಿಗಳಲ್ಲಿ ಅವು ಕಾಣಿಸಿಕೊಳ್ಳುತ್ತವೆ. ಗಂಡಸರು ಹೆಂಗಸರ ಉಡುಪು ತೊಟ್ಟಿರುತ್ತಾರೆ. ಕೆಲವರ ಮುಖಕ್ಕೆ ಬಣ್ಣ, ಕೆಲವರಿಗೆ ಹರಕು ಬಟ್ಟೆ, ಸೊಪ್ಪುಸದೆ, ಮುಖವಾಡ, ವಿಚಿತ್ರವಾದ ಟೋಪಿ. ಕೈಯಲ್ಲಿ ಒಣಗಿದ ಸೋರೆಬುರುಡೆ ಮತ್ತು ಕೋಲು. ಈಚೆಗೆ ಪ್ಲಾಸ್ಟಿಕ್ ಡ್ರಮ್ಮು, ಡಬ್ಬಿಗಳು ಅವುಗಳ ಸ್ಥಾನಕ್ಕೆ ಬಂದಿವೆ. ಅಂಗಡಿಯ ಮುಂದೆ ಗುಂಪು ನಿಲ್ಲುತ್ತದೆ, ವಾದ್ಯ ಬಡಿಯುತ್ತದೆ, ಬೈಗುಳದ ಹಾಡು ಹಾಡುತ್ತದೆ, ಕೈಯೊಡ್ಡುತ್ತದೆ. ದುಡ್ಡು ಬಿದ್ದೊಡನೆ ಮುಂದಿನ ಬಾಗಿಲಿಗೆ ಹೋಗುತ್ತದೆ. ದೇಹದ ಹಿಂಭಾಗವನ್ನು ಹೆಸರಿಸುವ ಒಂದು ಗ್ರಾಮ್ಯ ಶಬ್ದವು ಈ ಹಾಡುಗಳಲ್ಲಿ ಮರಳಿ ಮರಳಿ ಬರುವುದರಿಂದ ಹಬ್ಬಕ್ಕೆ ‘ಕುಂಡೆ ಹಬ್ಬ’ವೆಂದೇ ಹೆಸರಾಗಿದೆ. ಹಾಡುಗಳ ಪಾಠವನ್ನು ಇಲ್ಲಿ ಕೊಡುವುದು ಶಾಲೆಯೊಂದರ ಸಂಪುಟಕ್ಕೆ ತಕ್ಕುದಲ್ಲ, ಕೊಟ್ಟರೂ ಪ್ರಯೋಜನವಿಲ್ಲ. ಕಾಗದದ ಮೇಲೆ ಅವು ಬರಿಯ ಹೊಲಸಾಗಿ ಕಾಣುವುವು. ಬೀದಿಯಲ್ಲಿ ಅವು ಬೇರೆಯೇ ಆಗುತ್ತವೆ. ಆ ವ್ಯತ್ಯಾಸಕ್ಕೆ ಕಾರಣವು ನಡಿಗೆಯಲ್ಲಿದೆ.

ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. ನಡೆಯುವವನ ಉಸಿರು ಚಿಕ್ಕದು. ಆದುದರಿಂದ ಸೊಲ್ಲು ಚಿಕ್ಕದು, ಪಲ್ಲವಿ ಇನ್ನೂ ಚಿಕ್ಕದು. ಒಬ್ಬನು ಎತ್ತಿಕೊಟ್ಟ ಮಾತನ್ನು ಗುಂಪು ಒಂದೇ ಏಟಿಗೆ ಮರಳಿಸುತ್ತದೆ. ಹಾಗೆ ಮರಳಿಸುವಾಗ ಎತ್ತಿಕೊಟ್ಟವನಿಗೆ ಮುಂದಿನ ಮಾತನ್ನು ಹುಡುಕಿಕೊಳ್ಳಲು ಬೇಕಾದಷ್ಟು ಬಿಡುವು ದೊರೆಯುತ್ತದೆ. ಬುರುಡೆಯ ಏಟು ಹೆಜ್ಜೆಯ ಲೆಕ್ಕವನ್ನು ಹಿಡಿಯುತ್ತದೆ. ಗದ್ದೆಯ ನಾಟಿಯ ಹಾಡು ಬಾಗಿದ ಬೆನ್ನಿಗೆ ಹೊಂದಿಕೊಂಡಂತೆ, ಒನಕೆಯ ಹಾಡು ಎತ್ತಿದ ತೋಳಿಗೆ ಹೊಂದಿಕೊಂಡಂತೆ, ಇದು ಸಾಗುವ ಕಾಲಿಗೆ ಹೊಂದಿಕೊಂಡ ಪ್ರಬಂಧ. ದೀರ್ಘವಾದ ಕಥನಕ್ಕೆ ಇಲ್ಲಿ ಎಡೆಯಿಲ್ಲ. ಮಾದೇಶ್ವರನ ಕಾವ್ಯದಂತೆ ರಾತ್ರಿಯೆಲ್ಲ ಕುಳಿತು ಕೇಳುವವರು ಇಲ್ಲಿಲ್ಲ. ಅಂಗಡಿಯವನು ಗಲ್ಲಾಪೆಟ್ಟಿಗೆಗೆ ಕೈಹಾಕುವಷ್ಟು ಹೊತ್ತೇ ಈ ಪ್ರದರ್ಶನದ ಕಾಲಾವಧಿ.

ಎರಡನೆಯದಾಗಿ, ನಡಿಗೆಯು ಬೈಗುಳದ ವಿಷವನ್ನು ತೆಗೆಯುತ್ತದೆ. ಒಬ್ಬನ ಮನೆಯ ಮುಂದೆ ಬಂದು ನಿಂತು ಬೈದು ಅಲ್ಲಿಯೇ ಉಳಿದರೆ ಅದು ಜಗಳ. ಅದೇ ಮಾತನ್ನು ಅದೇ ಧಾಟಿಯಲ್ಲಿ ಪಕ್ಕದ ಮನೆಗೂ, ಅದರ ಪಕ್ಕದ ಅಂಗಡಿಗೂ, ಎದುರು ಬಂದ ಜೀಪಿಗೂ, ಕಚೇರಿಗೆ ಹೊರಟ ಅಧಿಕಾರಿಗೂ ಸಲ್ಲಿಸುತ್ತಾ ಮುಂದೆ ಹೋದರೆ ಅದು ಯಾರೊಬ್ಬರಿಗೂ ಸೇರದ, ಆದರೆ ಎಲ್ಲರಿಗೂ ಸಮನಾಗಿ ಹಂಚಿಹೋದ ಬೈಗುಳವಾಗುತ್ತದೆ. ಸಮಾನತೆಯೆಂಬುದು ಇಷ್ಟು ಗಟ್ಟಿಯಾಗಿ ಕೇಳಿಸುವ ಸಂದರ್ಭಗಳು ಆ ಪೇಟೆಗಳಲ್ಲಿ ವರ್ಷಕ್ಕೆ ಎಷ್ಟು ಬರುತ್ತವೆಯೋ ತಿಳಿಯದು. ನಕ್ಕು ಕೊಟ್ಟವನು ಪಾರಾಗುತ್ತಾನೆ; ಮುಖ ಗಂಟಿಕ್ಕಿದವನಿಗೆ ಇನ್ನೊಂದು ಸುತ್ತು ಸಲ್ಲುತ್ತದೆ.

ಮೂರನೆಯದು ಬೇಡುವಿಕೆ. ಕೊಡವ ಭಾಷೆಯಲ್ಲಿ ಇಂತಹ ಆಚರಣೆಗಳಿಗೆ ಬೋಡ್ ನಮ್ಮೆ ಎನ್ನುತ್ತಾರೆ. ಬೇಡುವ ಹಬ್ಬವೆಂದೇ ಅದರ ಅರ್ಥ. ಕೊಡಗಿನ ಬೇರೆ ಬೇರೆ ಊರುಗಳಲ್ಲಿ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಬೇಡುವ ಪದ್ಧತಿಯುಂಟು. ಕುಂದ ಬೆಟ್ಟದ ಹಬ್ಬವು ಅವುಗಳಲ್ಲಿ ಪ್ರಸಿದ್ಧವಾದುದು. ಪುತ್ತರಿಯ ಕಾಲದಲ್ಲಿ ದುಡಿ ಹಿಡಿದ ಹಾಡುಗಾರರು ಮನೆಮನೆಗೆ ನಡೆದು ಆಯಾ ಮನೆಯನ್ನು ಹಾಡುವ ‘ಮನೆಪಾಡುವ’ ಸಂಪ್ರದಾಯವೂ ಈ ನೆಲದ್ದೇ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಿಂದಾಗಿ ಕೊಡವರ ಇಂತಹ ಹಾಡುಗಳಿಗೆ ಅಚ್ಚಿನ ಭಾಗ್ಯ ದೊರಕಿತು. ಪುತ್ತರಿಯ ಹಾಡುಗಾರನು ಮನೆಯನ್ನು ಹೊಗಳಿ ಪಡೆಯುತ್ತಾನೆ; ದೇವರಪುರದ ದಾರಿಯಲ್ಲಿ ನಡೆಯುವವನು ಬೈದು ಪಡೆಯುತ್ತಾನೆ. ಇಬ್ಬರೂ ಬಾಗಿಲಿಗೆ ಬಂದ ಕಲಾವಿದರೇ. ಹೊಗಳಿಕೆಗೆ ಸಂಪುಟ ಬಂದಿತು, ಬೈಗುಳಕ್ಕೆ ಬರಲಿಲ್ಲವೆಂಬುದರಲ್ಲಿ ಆಶ್ಚರ್ಯವೇನಿಲ್ಲ.

ಗುರುವಾರ ಗುಂಪುಗಳೆಲ್ಲ ದೇವರಪುರವನ್ನು ಸೇರುತ್ತವೆ. ಅಲ್ಲಿ ಕುಣಿತವಿದೆ, ದೇವರನ್ನು ಕುರಿತ ಬೈಗುಳವಿದೆ. ಕೊನೆಯಲ್ಲಿ ಕೂಡಿದ ಹಣದ ಒಂದು ಪಾಲನ್ನು ದೇವರಿಗೆ ಒಪ್ಪಿಸಿ, ಆಡಿದ ಮಾತಿಗೆ ತಪ್ಪುಕಾಣಿಕೆಯೆಂಬಂತೆ ಕ್ಷಮೆ ಬೇಡುತ್ತಾರೆ. ಉಳಿದುದು ಊಟಕ್ಕೆ, ಕುಡಿತಕ್ಕೆ ಹೋಗುತ್ತದೆ. ಪೇಟೆಯ ಬೀದಿಗಳಲ್ಲಿ ಕ್ಷಮೆಯ ಮಾತೇ ಇರಲಿಲ್ಲವೆಂಬುದು ಗಮನಾರ್ಹ. ಕ್ಷಮೆ ಸಲ್ಲುವುದು ದೇವರಿಗೆ ಮಾತ್ರ.

ದೇವರನ್ನು ಬೈಯುವ ಸಂಪ್ರದಾಯ ಈ ಸೀಮೆಯೊಂದರದೇ ಅಲ್ಲ. ಹರಿದಾಸರಲ್ಲಿ ನಿಂದಾಸ್ತುತಿಯೆಂಬ ಪ್ರಕಾರವೇ ಬೆಳೆದಿದೆ. ಉತ್ತರ ಕರ್ನಾಟಕದಲ್ಲಿ ಹೋಳಿಯ ದಿನಗಳಲ್ಲಿ ಹಲಗೆ ಬಡಿಯುತ್ತಾ ಕಟ್ಟಿಗೆ, ಕುಳ್ಳುಗಳಿಗಾಗಿ ಓಣಿ ಸುತ್ತುವ ಹುಡುಗರ ಬಾಯಿಗೆ ಲಗಾಮಿರುವುದಿಲ್ಲ. ಕೇರಳದ ಕೊಡುಂಗಲ್ಲೂರಿನ ಭಗವತಿಯ ಭರಣಿ ಉತ್ಸವಕ್ಕೆ ಮೀನಮಾಸದಲ್ಲಿ ದೂರದೂರದಿಂದ ಬರುವ ವೆಳಿಚ್ಚಪ್ಪಾಡರು ಮತ್ತು ಭಕ್ತರು ಹಾಡುವ ಅಶ್ಲೀಲ ಹಾಡುಗಳು ಪ್ರಸಿದ್ಧವಾಗಿವೆ. ಅಲ್ಲಿಯೂ ದೇವತೆ ಭದ್ರಕಾಳಿಯೇ. ವಯನಾಡಿನ ಮೂಲಕ ಕೊಡಗಿಗೂ ಮಲಬಾರಿಗೂ ಇರುವ ಹಳೆಯ ಸಂಬಂಧವನ್ನು ನೆನೆದರೆ ಈ ಹೋಲಿಕೆಯು ಆಕಸ್ಮಿಕವೆಂದು ತೋರುವುದಿಲ್ಲ. ಆದರೆ ಕೊಡುಂಗಲ್ಲೂರಿನಲ್ಲಿ ಹಾಡಿನ ಕಾವು ಏರುವುದು ದೇವಸ್ಥಾನದ ಸುತ್ತ. ತಿತಿಮತಿ ಸೀಮೆಯಲ್ಲಿ ಪೇಟೆಯ ಅಂಗಡಿಸಾಲಿನಲ್ಲಿ. ದೇವರಿಗೆ ಸಲ್ಲಬೇಕಾದ ಬೈಗುಳವು ದಾರಿಯಲ್ಲಿ ಸಿಕ್ಕಿದ ವರ್ತಕನಿಗೂ ತೋಟದ ಯಜಮಾನನಿಗೂ ಸಲ್ಲುವುದೇಕೆ ಎಂಬ ಪ್ರಶ್ನೆಗೆ ಐತಿಹ್ಯದಲ್ಲಿ ಉತ್ತರವಿಲ್ಲ. ಉತ್ತರವನ್ನು ಈ ಜನರ ಬೇರೆ ನಡಿಗೆಗಳಲ್ಲಿ ಹುಡುಕಬೇಕು.

ಎರವರ ಬಂಧುಗಳು ಕೇರಳದಲ್ಲಿ ಅಡಿಯರೆನ್ನಿಸಿಕೊಳ್ಳುತ್ತಾರೆ. ಮಾನಂದವಾಡಿ ಬಳಿಯ ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಅಡಿಯ ಮತ್ತು ಪಣಿಯ ಆಳುಗಳನ್ನು ಜಮೀನುದಾರರು ವರ್ಷದ ಕರಾರಿಗೆ ಗೊತ್ತುಮಾಡಿಕೊಳ್ಳುವ ಪದ್ಧತಿಯು ಕಳೆದ ಶತಮಾನದ ಎಪ್ಪತ್ತರ ದಶಕದವರೆಗೂ ಉಳಿದಿತ್ತು. ಕರಾರು ಮುಗಿದವನು ಯಜಮಾನನ ಹಿಂದೆ ನಡೆದುಹೋಗಬೇಕು. ಅವನ ನಡಿಗೆಯ ದಿಕ್ಕನ್ನು ಇನ್ನೊಬ್ಬನು ನಿರ್ಧರಿಸುತ್ತಿದ್ದನು. ಕೊಡಗಿನಲ್ಲಿಯೂ ಎರವರು ತಲೆಮಾರುಗಳ ಕಾಲ ಭೂಮಾಲೀಕ ಮನೆತನಗಳಿಗೆ ಕಟ್ಟುಬಿದ್ದು ದುಡಿದವರು. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ ಬಂದದ್ದು 1976ರಲ್ಲಿ. ಜೇನುಕುರುಬರ ಕಥೆ ಬೇರೆ ಬಗೆಯದು. ಜೇನು, ಗೆಡ್ಡೆಗೆಣಸುಗಳನ್ನು ಅರಸುತ್ತಾ ಕಾಡಿನಲ್ಲಿ ಅಲೆಯುವುದೇ ಅವರ ಜೀವನಕ್ರಮವಾಗಿತ್ತು. 1955ರಲ್ಲಿ ನಾಗರಹೊಳೆ ವನ್ಯಧಾಮವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಅನಂತರದ ವರ್ಷಗಳಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಈ ಅವಧಿಯಲ್ಲಿ ಅನೇಕ ಕುಟುಂಬಗಳು ಕಾಡಿನಿಂದ ಹೊರಬಂದು ತೋಟಗಳ ಲೈನ್ ಮನೆಗಳನ್ನು ಸೇರಿದವು. ಕಾಡಿನ ರಕ್ಷಣೆಯ ಅವಶ್ಯಕತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಾಲುದಾರಿಗಳನ್ನು ತಿಳಿದಿದ್ದವರೇ ಅವುಗಳ ಮೇಲೆ ಅತಿಕ್ರಮಣಕಾರರಾದದ್ದು ಆ ರಕ್ಷಣೆಗೆ ತೆತ್ತ ಬೆಲೆಯ ಒಂದು ಭಾಗ. ಅದನ್ನು ತೆತ್ತವರು ಹಾಡಿಯವರು. 2006ರ ಅರಣ್ಯ ಹಕ್ಕು ಕಾಯಿದೆಯ ಅನಂತರವೂ ಈ ವ್ಯಾಜ್ಯ ಮುಗಿಯಲಿಲ್ಲ. 2025ರ ಮೇ ತಿಂಗಳ ಆರಂಭದಲ್ಲಿ 52 ಜೇನುಕುರುಬ ಕುಟುಂಬಗಳು ತಮ್ಮ ಹಿರಿಯರ ನೆಲೆಯೆಂದು ಹೇಳುವ ನಾಗರಹೊಳೆಯ ಕರಡಿಕಲ್ಲಿಗೆ ಮರಳಿ ಪ್ರವೇಶಿಸಿದವು. ಬೇಡುಹಬ್ಬ ಬರುವುದೂ ಮೇ ತಿಂಗಳಿನಲ್ಲಿಯೇ.

ಇದೇ ಜನರ ಇನ್ನೊಂದು ನಡಿಗೆಗೆ ನಾಡೆಲ್ಲ ಕೈಮುಗಿಯುತ್ತದೆ. ಮೈಸೂರು ದಸರಾ ಮೆರವಣಿಗೆಯ ಆನೆಗಳನ್ನು ನಡೆಸುವ ಮಾವುತರು, ಕಾವಾಡಿಗಳಲ್ಲಿ ಹೆಚ್ಚಿನವರು ಜೇನುಕುರುಬರು. 2020ರಿಂದ ಚಿನ್ನದ ಅಂಬಾರಿಯನ್ನು ಹೊತ್ತ ಅಭಿಮನ್ಯು ಮತ್ತಿಗೋಡು ಶಿಬಿರದ ಆನೆ. ಹಿಂದೆ ಆನೆಗಳು ಕಾಡಿನಿಂದ ಮೈಸೂರಿಗೆ ನಡೆದೇ ಹೋಗುತ್ತಿದ್ದವು. ಈಗ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣದ ಪೂಜೆ ಮುಗಿದ ಮೇಲೆ ಲಾರಿಯಲ್ಲಿ ಸಾಗುತ್ತವೆ. ಆ ಮೆರವಣಿಗೆಯಲ್ಲಿ ನಾಡಿನ ಜಾನಪದ ಕಲಾವಿದರೂ ಹೆಜ್ಜೆ ಹಾಕುತ್ತಾರೆ. ಆದರೆ ಅಲ್ಲಿ ನಡೆಯುವವರಿಗೂ ನೋಡುವವರಿಗೂ ನಡುವೆ ಬೇಲಿಯಿದೆ. ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ. ಮಾವುತನು ನಡೆಯುತ್ತಾನೆ, ಜನ ಆನೆಯನ್ನು ನೋಡುತ್ತಾರೆ.

ಈ ಹಿನ್ನೆಲೆಯಲ್ಲಿ ಬೇಡುಹಬ್ಬದ ನಡಿಗೆಯು ಅರ್ಥವತ್ತಾಗುತ್ತದೆ. ವರ್ಷವೆಲ್ಲ ಇನ್ನೊಬ್ಬರ ಆಣತಿಯಂತೆ ನಡೆದ ಕಾಲು ಆ ಕೆಲವು ದಿನಗಳಲ್ಲಿ ತಾನು ಬಯಸಿದ ಬೀದಿಯಲ್ಲಿ, ಬೀದಿಯ ನಟ್ಟನಡುವೆ ನಡೆಯುತ್ತದೆ. ದಾರಿಬದಿಗೆ ಸರಿದು ನಿಲ್ಲುವವರು ಅಂದು ವಾಹನದವರು. ವಾರದ ಬಟವಾಡೆಗೆ ಕೈಯೊಡ್ಡುವವನೇ ಅಂದು ಕೈಯೊಡ್ಡಿದರೂ, ಬೈದು ಪಡೆಯುತ್ತಾನೆ. ಇದರಿಂದ ಮರುದಿನ ಕೂಲಿಯ ದರವೇನೂ ಬದಲಾಗುವುದಿಲ್ಲವೆಂಬ ವಾದವುಂಟು. ಆ ವಾದ ನಿಜ. ಆದರೆ ಕೂಲಿಯ ದರವನ್ನು ಬದಲಾಯಿಸುವ ಹೊಣೆಯನ್ನು ಯಾವ ಶಿಷ್ಟಕಲೆಯ ಮೇಲೂ ಹೊರಿಸದವರು ಈ ಒಂದು ಕಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಹಬ್ಬದ ಬಗ್ಗೆ ಪೇಟೆಯವರಲ್ಲಿ ಆಕ್ಷೇಪಣೆಗಳಿವೆ. ಅಶ್ಲೀಲವೆಂಬುದು ಮೊದಲನೆಯದು. ಬಹು ಹಳೆಯದಾದ ಈ ಆಕ್ಷೇಪಣೆಯಲ್ಲಿ ಹೆಚ್ಚು ತೂಕವಿಲ್ಲ. ಚಲನಚಿತ್ರದ ಹಾಡಿಗೆ ತಲೆದೂಗುವ ಕಿವಿಗೆ ಇಲ್ಲಿ ಮಾತ್ರ ಮಡಿ ನೆನಪಾಗುವುದು ವಿಚಿತ್ರ. ಬುಡಕಟ್ಟಿಗೆ ಸೇರದವರೂ ವೇಷ ಹಾಕಿ ಹಣ ಎತ್ತುತ್ತಾರೆಂಬುದು, ವಾಹನಗಳನ್ನು ತಡೆದು ಒತ್ತಾಯದಿಂದ ವಸೂಲು ಮಾಡುತ್ತಾರೆಂಬುದು ಇನ್ನೆರಡು. ಇವುಗಳನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕೊಡದೆ ಹೋಗುವ ಸ್ವಾತಂತ್ರ್ಯ ಇರುವವರೆಗೆ ಮಾತ್ರ ಬೇಡುವುದು ಬೇಡುವುದಾಗಿರುತ್ತದೆ. ಅದು ವಸೂಲಿಯಾದರೆ ಬೈಗುಳವೂ ಬರಿಯ ಬೈಗುಳವಾಗಿ ಉಳಿಯುತ್ತದೆ. ಈ ಎಲ್ಲೆಯನ್ನು ಕಾಯಬಲ್ಲವರು ಹಾಡಿಯ ಹಿರಿಯರು. ಪೊಲೀಸು ಠಾಣೆಯಿಂದ ಅದು ಸಾಧ್ಯವೆಂದು ತೋರುವುದಿಲ್ಲ.

ಇದನ್ನು ಒಂದು ವೇದಿಕೆಗೆ ತಂದು, ಹಾಡುಗಳನ್ನು ಸೋಸಿ, ಕಲಾಪ್ರದರ್ಶನವಾಗಿ ಏರ್ಪಡಿಸಬಾರದೇಕೆಂಬ ಸದುದ್ದೇಶದ ಸಲಹೆಯೂ ಸಹಜವಾಗಿ ಹುಟ್ಟಬಹುದು. ಹಾಗೆ ಮಾಡಿದಲ್ಲಿ ಉಳಿಯುವುದು ಹೆಣ್ಣಿನ ಉಡುಪು, ಬುರುಡೆಯ ಸದ್ದು ಮತ್ತು ನಾಲ್ಕಾರು ಹೆಜ್ಜೆ. ವೇದಿಕೆಯ ಮೇಲೆ ಬಾಗಿಲುಗಳಿಲ್ಲ. ಬಾಗಿಲಿಂದ ಬಾಗಿಲಿಗೆ ಸಾಗುವುದೇ ಜೀವಾಳವಾದ ಪ್ರಬಂಧಕ್ಕೆ ಅಲ್ಲಿ ಸಾಗಲು ದಾರಿಯಿಲ್ಲ. 2020 ಮತ್ತು 2021ರ ಮೇ ತಿಂಗಳುಗಳಲ್ಲಿ ಕೋವಿಡ್ ನಿರ್ಬಂಧದಿಂದಾಗಿ ರಾಜ್ಯದ ಪೇಟೆಗಳ ಬೀದಿಗಳಲ್ಲಿ ಜನಸಂಚಾರ ಕಡಿಮೆಯಾಗಿತ್ತು. ಮುಚ್ಚಿದ ಬಾಗಿಲಿನ ಮುಂದೆ ಹಾಡುವವನಿಲ್ಲವೆಂಬುದು ಆಗ ಎಲ್ಲರಿಗೂ ಮನದಟ್ಟಾಗುವಂತಿತ್ತು.

ಅಧ್ಯಾಪಕರಿಗೆ ಸಂಬಂಧಿಸಿದ ಸಂಗತಿಯೊಂದಿದೆ. ಹಬ್ಬವು ಬೇಸಗೆಯ ರಜೆಯ ಕೊನೆಯಲ್ಲಿ ಬರುತ್ತದೆ. ಗುಂಪಿನೊಡನೆ ಹೆಜ್ಜೆ ಹಾಕಿದ ಹುಡುಗನು ಕೆಲವು ದಿನಗಳಲ್ಲಿಯೇ ಶಾಲೆಯ ಬೆಂಚಿನ ಮೇಲೆ ಕುಳಿತಿರುತ್ತಾನೆ. ರಜೆಯಲ್ಲಿ ಏನು ಮಾಡಿದೆಯೆಂದು ತರಗತಿಯಲ್ಲಿ ಕೇಳುವುದು ವಾಡಿಕೆ. ಉಳಿದವರು ಅಜ್ಜಿಯ ಮನೆಯ ಕಥೆ, ಮೈಸೂರು ನೋಡಿದ ಕಥೆ ಹೇಳುತ್ತಾರೆ. ಹಾಡಿಯ ಹುಡುಗನು ಸುಮ್ಮನಿರುತ್ತಾನೆ. ತನ್ನ ಮನೆಯವರ ಹಬ್ಬವು ನಾಗರಿಕರ ನಡುವೆ ಹೇಳತಕ್ಕ ವಿಷಯವಲ್ಲವೆಂಬುದನ್ನು ಅವನು ಅಷ್ಟರಲ್ಲಿ ಕಲಿತಿರುತ್ತಾನೆ. ಅದನ್ನು ಕಲಿಸಿದ ಪಾಠ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಹಾಡಿಯ ಮಕ್ಕಳು ಶಾಲೆಯನ್ನು ನಡುವೆ ಬಿಡುವುದಕ್ಕೆ ಬಡತನ, ದೂರ, ಭಾಷೆ ಮುಂತಾದ ಅನೇಕ ಕಾರಣಗಳನ್ನು ಕೊಡಲಾಗುತ್ತದೆ. ಈ ಮೌನವನ್ನೂ ಅವುಗಳ ಸಾಲಿಗೆ ಸೇರಿಸುವುದು ತಪ್ಪಾಗಲಾರದು. ಆ ಹುಡುಗನಿಂದ ಹಾಡನ್ನು ಹೇಳಿಸಬೇಕಾದ ಅಗತ್ಯವಿಲ್ಲ. ಯಾವ ದಾರಿಯಲ್ಲಿ ಹೋದಿರಿ, ಎಲ್ಲಿ ನಿಂತಿರಿ, ಬುರುಡೆಯನ್ನು ಯಾರು ಒಣಗಿಸಿದರು ಎಂದು ಕೇಳಬಹುದು. ಇವಕ್ಕೆ ಉತ್ತರ ಹೇಳಲು ಯಾರೂ ನಾಚಬೇಕಾಗಿಲ್ಲ. ಉತ್ತರವನ್ನು ಬಲ್ಲವನು ಆ ತರಗತಿಯಲ್ಲಿ ಅವನೊಬ್ಬನೇ.

ಈ ಹಬ್ಬದ ವೇಷವನ್ನು, ಕುಣಿತವನ್ನು ಛಾಯಾಚಿತ್ರಕಾರರು ಪ್ರತಿವರ್ಷ ಸೆರೆಹಿಡಿಯುತ್ತಾರೆ. ಆಗಬೇಕಾಗಿರುವ ಕೆಲಸ ದಾರಿಯ ದಾಖಲೆ. ಯಾವ ಹಾಡಿಯವರು ಯಾವ ಪೇಟೆಗೆ ಹೋಗುತ್ತಾರೆ. ಮೊದಲ ನಿಲುಗಡೆ ಯಾವ ಬಾಗಿಲು. ಯಾವ ಗುಂಪು ತೋಟದೊಳಗಿನ ಕಾಲುದಾರಿಯಿಂದ ಬಂದಿತು, ಯಾವುದು ಡಾಂಬರು ರಸ್ತೆಯಿಂದ, ಯಾವುದು ಬಾಡಿಗೆ ಜೀಪಿನಿಂದ ಇಳಿಯಿತು. ದೇವರಪುರವನ್ನು ಮುಟ್ಟುವ ಮೊದಲು ಗುಂಪುಗಳು ಎಲ್ಲಿ ಕೂಡುತ್ತವೆ ಎಂಬಿವನ್ನು ಒಂದು ಗ್ರಾಮನಕ್ಷೆಯ ಮೇಲೆ ಗುರುತಿಸಲು ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಗುಂಪಿನೊಡನೆ ನಡೆಯಬಲ್ಲ ಕಾಲು. ಆ ಭಾಗದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೆ ಇದು ಅಸಾಧ್ಯವಲ್ಲ. ತಡಮಾಡುವಂತೆಯೂ ಇಲ್ಲ, ಕಾಡಿನ ಅಂಚಿನಲ್ಲಿ ಆನೆಗಳ ತಡೆಗಾಗಿ ತೋಡಿದ ಕಂದಕಗಳು, ಸೌರಬೇಲಿಗಳು, ರೈಲು ಹಳಿಯ ತಡೆಗಳು ಹಾಡಿಗಳ ಹಳೆಯ ಕಾಲುದಾರಿಗಳನ್ನು ಅಲ್ಲಲ್ಲಿ ತುಂಡರಿಸಿವೆ, ಮತ್ತು ಆ ದಾರಿಗಳ ಹೆಸರುಗಳನ್ನು ಬಲ್ಲವರು ಹಾಡಿಗಳಲ್ಲಿ ಈಗ ಮುದುಕರು ಮಾತ್ರ.